ಹದಿನಾಲ್ಕು ಮನೆಯ ಊಟ

ಬಾಗಿಲು ಒಳಗಿನಿಂದ ಹಾಕಿತ್ತು. ತಿಕೋಟಾದ ಲುಥರನ್ ಸಭೆಯ ಹಿರಿಯ, ನಿವೃತ್ತ ವಿಜ್ಞಾನ ಶಿಕ್ಷಕ ದೇವಾನಂದ ಮೂರು ಖಾನೆಯ ಡಬ್ಬಿಯನ್ನು ಎಡಗೈಗೆ ಬದಲಿಸಿ ಎರಡನೆಯ ಸಲ ತಟ್ಟಿದರು. ಹಸಿಮೆಣಸಿನಕಾಯಿ ಹುರಿದ ಘಾಟು ಸಂದಿಯಿಂದ ಬರುತ್ತಿತ್ತು. ಅದು ವಿಚಿತ್ರವೆನಿಸಿತು. ಉಪದೇಶಿಗೆಂದು ಚರ್ಚಿನ ಹಿಂದೆ ಕಟ್ಟಿಸಿದ ಈ ಮನೆಯಲ್ಲಿ ಒಲೆಯೇ ಇರಲಿಲ್ಲ.

ಅವರ ಜೇಬಿನಲ್ಲಿ ಮುಖ್ಯ ಕಚೇರಿಯ ಪತ್ರವಿತ್ತು. ಉಪದೇಶಿ ಮಾಲಾಳ ಮೂರು ವರ್ಷದ ಅವಧಿ ಈ ತಿಂಗಳಿಗೆ ಮುಗಿಯುತ್ತಿತ್ತು. ಮತ್ತೆ ಮೂರು ವರ್ಷ ಇರುವುದಾದರೆ ಸೋಮವಾರದೊಳಗೆ ಒಪ್ಪಿಗೆ ಬರೆದುಕೊಡಬೇಕು. ಅವಳು ಹೊರಟರೆ ಬದಲಿಗೆ ಕಳಿಸಲು ಯಾರೂ ಇಲ್ಲವೆಂದು ಕೊನೆಯ ಸಾಲಿನಲ್ಲಿತ್ತು. ಆಗ ಮಕ್ಕಳ ಪಾಠ, ಕಾಯಿಲೆಯವರ ಭೇಟಿ ನಿಂತು, ಆರಾಧನೆಗೂ ಸಭೆಯ ಹದಿನಾಲ್ಕು ಮನೆಯವರು ವಿಜಯಪುರದ ಬಸ್ಸು ಹಿಡಿಯಬೇಕು. ಹಿಂದಿನ ಇಬ್ಬರು ಉಪದೇಶಿಗಳೂ ಮೂರೇ ವರ್ಷಕ್ಕೆ ಹೋಗಿದ್ದರು. ಕಾರಣವೇನಿರಬಹುದೆಂದು ದೇವಾನಂದ ಒಂದೊಂದಾಗಿ ಪರೀಕ್ಷಿಸಿದ್ದರು. ನೀರಿನ ಕೊರತೆಯಿರಬಹುದೆಂದು ಟಾಕಿ ಕಟ್ಟಿಸಿದ್ದರು, ಸೆಕೆಯಿರಬಹುದೆಂದು ಫ್ಯಾನು ಹಾಕಿಸಿದ್ದರು. ಊಟವನ್ನು ಮಾತ್ರ ಪಟ್ಟಿಗೆ ಸೇರಿಸಿರಲಿಲ್ಲ. ದಿನಕ್ಕೊಂದು ಮನೆಯ ಪಾಳಿ, ಎರಡೂ ಹೊತ್ತು ಬುತ್ತಿ. ಅದು ಸಭೆಯ ಹೆಮ್ಮೆ.

ಮಾಲಾ ಬಾಗಿಲು ತೆರೆದಳು. ಅವಳ ಹಿಂದೆ ನೆಲದ ಮೇಲೆ ಸಣ್ಣ ಕರೆಂಟ್ ಒಲೆ, ಹೆಂಚಿನಲ್ಲಿ ಅಂಚು ಕರಿದಾದ ಒಂದೇ ಒಂದು ರೊಟ್ಟಿ.

"ಬಾಜೂ ಮನಿ ಬೀಬಿಜಾನ ಅಕ್ಕಾರದ್ದರಿ ಒಲಿ," ಎಂದಳು. "ಸಂಜೀಕ ಕೊಟ್ಟ ಬರ್ತೇನಿ."

"ಊಟ ಸಾಲವಲ್ದೇನ ಯವ್ವಾ?"

ಅವಳಿಗೆ ನಗು ಬಂತು. "ಮೂರು ವರ್ಷದಾಗ ಒಂದ ಹೊತ್ತೂ ಹಸದಿಲ್ಲರಿ ಸರ. ಹಸಿಯಾಕ ನೀವು ಬಿಟ್ಟೇ ಇಲ್ಲ."

ಡಬ್ಬಿಯಲ್ಲಿ ಒಂದು ತುತ್ತು ಉಳಿದರೂ ಸಂಜೆಯೊಳಗೆ ಇಬ್ಬರು ಬಂದು ಜ್ವರವೇ, ಸಿಟ್ಟೇ ಎಂದು ವಿಚಾರಿಸುತ್ತಿದ್ದರು. ಅದಕ್ಕೇ ಬೇಡವಾದ ದಿನವೂ ಖಾಲಿ ಮಾಡುತ್ತಿದ್ದಳಂತೆ. ಹೋದ ತಿಂಗಳು ಬಬಲೇಶ್ವರದಿಂದ ಅವಳ ತಾಯಿ ಬಂದು ಎರಡು ದಿನ ಇದ್ದರು. ಆಗ ಸಭೆಯವರು ಸಂಭ್ರಮದಿಂದ ಎರಡೆರಡು ಡಬ್ಬಿ ಕಳಿಸಿದ್ದು ದೇವಾನಂದರಿಗೆ ಚೆನ್ನಾಗಿ ನೆನಪಿತ್ತು.

"ಅವ್ವಗ ನನ್ನ ಕೈಯಾಗಿಂದ ಒಂದ ಕಪ್ ಚಹಾ ಕೊಡಾಕ ಆಗಲಿಲ್ಲರಿ," ಎಂದಳು ಮಾಲಾ. "ಹೋಗೂಮುಂದ ಕೇಳಿದಳು, ನೀ ಇಲ್ಲಿ ಮನಿ ಮಾಡೀಯೋ, ಬೀಗರ ಮನಿಗೆ ಬಂದಂಗ ಕುಂತೀಯೋ ಅಂತ."

ದೇವಾನಂದ ಪತ್ರವನ್ನು ಮಂಚದ ಮೇಲಿಟ್ಟರು. ಡಬ್ಬಿಯನ್ನು ಇಡಲಿಲ್ಲ.

ತುಂಬಿದ ಡಬ್ಬಿ ಹಿಡಿದು ಬಂದ ಗಂಡನನ್ನು ಸೋನಾಬಾಯಿ ಬಾಗಿಲಲ್ಲೇ ನಿಲ್ಲಿಸಿದರು. ಅವರ ಅತ್ತೆಯೇ ಶುರು ಮಾಡಿದ ಪಾಳಿ ಅದು. ನಾಳೆಯಿಂದ ಯಾರೂ ಬುತ್ತಿ ಕಳಿಸುವುದು ಬೇಡವೆಂದು ಗಂಡ ಹೇಳಿದ್ದು ಕೇಳಿ ಅವರ ಮುಖ ಕೆಂಪಾಯಿತು.

"ನಾವೇನ ವಿಷಾ ಹಾಕಿ ಕಳಿಸಿದ್ವೇನು?"

ದೇವಾನಂದ ಎಲ್ಲವನ್ನೂ ಹೇಳಿದರು. ಕಪ್ ಚಹಾದ ಮಾತು ಬಂದಾಗ ಸೋನಾಬಾಯಿ ಡಬ್ಬಿ ಬಿಚ್ಚಿ ಎರಡು ತಾಟಿಗೆ ಬಡಿಸಿದರು. ಮಾಲಾಳಿಗೆಂದು ಮಾಡಿದ ಬದನೆಕಾಯಿ ಪಲ್ಯವನ್ನು ಇಬ್ಬರೂ ಉಂಡರು.

ಭಾನುವಾರ ಆರಾಧನೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಬುತ್ತಿ ನಿಲ್ಲಿಸುವ ಬಗ್ಗೆ ದೊಡ್ಡ ಚರ್ಚೆಯಾಯಿತು. ಉಪದೇಶಿಯನ್ನು ಉಪವಾಸ ಕೆಡವಿದರೆಂಬ ಹೆಸರು ಬರುವುದಿಲ್ಲವೇ ಎಂದು ಪಾಳಿಯ ಮನೆಯವರಲ್ಲೊಬ್ಬನಾದ ತುಕಾರಾಮ ಪಟ್ಟು ಹಿಡಿದ. ಮಾಲಾ ತಲೆತಗ್ಗಿಸಿ ನಿಂತಿದ್ದಳು. ಕೊನೆಗೆ ಮಾತು ಮುಗಿಸಿದವರು ಸೋನಾಬಾಯಿ.

"ನಮ್ಮ ಮನ್ಯಾಗ ಒಂದ ಒಲಿ ಹೆಚ್ಚಿಗಿ ಐತಿ. ಒಯ್ದ ಇಡ್ರಿ."

ಸೋಮವಾರ ಮಾಲಾ ಪತ್ರ ತಂದುಕೊಟ್ಟಳು. ಅಚ್ಚಾಗಿದ್ದ 'ಮೂರು ವರ್ಷ'ದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಒಂದು ವರ್ಷ' ಎಂದು ಬರೆದು ಸಹಿ ಮಾಡಿದ್ದಳು. ದೇವಾನಂದ ಎರಡು ಸಲ ಓದಿದರು. ಹಾಗೆಯೇ ಲಕೋಟೆಗೆ ಹಾಕಿ ಅಂಟಿಸಿದರು.

ಆ ವಾರವೇ ಗಂಡ ಹೆಂಡತಿಗೆ ಮಾಲಾಳ ಮನೆಯಿಂದ ಊಟದ ಕರೆ ಬಂತು. ಚಾಪೆಯ ಮೇಲೆ ಕುಳಿತ ಸೋನಾಬಾಯಿ ಅವಳ ಕೈಯನ್ನೇ ನೋಡುತ್ತಿದ್ದರು. ಹಿಟ್ಟಿಗೆ ನೀರು ಸಾಕಾಗಿರಲಿಲ್ಲ. ಬಡಿಯುತ್ತಿದ್ದ ರೊಟ್ಟಿ ಅರ್ಧಕ್ಕೆ ಬರುವಷ್ಟರಲ್ಲಿ ಹರಿಯಿತು. ಮಾಲಾ ಅದನ್ನು ಮುದ್ದೆ ಮಾಡಿ ಮತ್ತೆ ಬಡಿಯತೊಡಗಿದಳು. ಸೋನಾಬಾಯಿ ಒಂದು ಕೈಯೂರಿ ಅರ್ಧ ಎದ್ದರು. ಆಮೇಲೆ ಮೆಲ್ಲಗೆ ಕುಳಿತು, ಖಾಲಿ ತಾಟನ್ನು ಹತ್ತಿರ ಎಳೆದುಕೊಂಡರು.