ಬೋರ್ಡಿನಲ್ಲಿ ಸಿಕ್ಕಿಕೊಂಡ ಮೊದಲ ಪುಟ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೊದಲ ಪುಟದಿಂದ ಎನ್ನಬೇಡಿ. ಅದನ್ನು ನಾಲ್ಕು ಮಡಿಕೆ ಮಾಡಿ ಬ್ರೇಕರಿನ ಸಂದಿಗೆ ತುರುಕಿದ್ದೇನೆ.

(ಬ್ರೇಕರ್ ಅಂದರೆ ವೈರು ಮಿತಿಮೀರಿ ಬಿಸಿಯಾದರೆ ತಾನೇ ಬಿದ್ದು ಕರೆಂಟು ಕಡಿಯುವ ಪುಟ್ಟ ಸ್ವಿಚ್ಚು. ಗೊತ್ತಿದ್ದವರು ಕ್ಷಮಿಸಿ. ನನಗೂ ಗೊತ್ತಿತ್ತು, ಅದೇ ನಾಚಿಕೆ.)

೨

ಆ ಪುಟದಲ್ಲಿ ಮೂರು ಸಾಲು ಬರೆಯುವಷ್ಟರಲ್ಲಿ ಫ್ಯಾನ್ ನಿಂತಿತು. ಹೀಟರ್ ಹಾಕಿಲ್ಲ, ಇಸ್ತ್ರಿಪೆಟ್ಟಿಗೆ ಹಾಕಿಲ್ಲ. ಒಂದು ಫ್ಯಾನು, ಒಂದು ದೀಪ, ಅಷ್ಟಕ್ಕೇ ಬ್ರೇಕರ್ ಬಿತ್ತು. ಎತ್ತಿದೆ, ಮತ್ತೆ ಬಿತ್ತು. ಅದರ ಕಡ್ಡಿ ಬೀಳುವ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಬೋರ್ಡಿನಿಂದ ಗುಂಯ್ ಎಂಬ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

ವಾಸನೆ ಶುರುವಾಗಿ ಮೂರು ದಿನ, ಅಂದಿನಿಂದಲೂ ಹೆಂಡತಿ ತನ್ನ ತಮ್ಮನನ್ನು ಕರೆಸೋಣ ಎನ್ನುತ್ತಿದ್ದಳು. ಅವನು ಎಲೆಕ್ಟ್ರಿಷಿಯನ್. ಹೋದ ವರ್ಷ ನನ್ನ ಕಥೆಯೊಂದನ್ನು ಓದಿ, ಟಾರ್ಚಿನಿಂದ ಶಾಕ್ ಹೊಡೆದು ಖಳನಾಯಕ ಸಾಯುವುದು ಆಗದ ಮಾತು ಎಂದಿದ್ದ. ತಂತಿ ಎಳೆಯುವವನಿಗೆ ಕಥೆ ಏನು ಗೊತ್ತು ಎಂದು ನಾನು ಹತ್ತು ಜನರ ಮುಂದೆ ಕೂಗಾಡಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಕರೆಯಲಿ? ಕಡ್ಡಿ ಬೀಳದಂತೆ ಪುಟ ತುರುಕಿದೆ. ಫ್ಯಾನ್ ತಿರುಗಿತು. ಗೆದ್ದೆ ಎಂದುಕೊಂಡೆ.

೩

ಇಲ್ಲಿ ಬೆಂಕಿ ಹತ್ತಬೇಕಿತ್ತು. ಕಥೆಗೊಂದು ಕ್ಲೈಮ್ಯಾಕ್ಸ್ ಬೇಡವೇ? ಬೋರ್ಡಿನಿಂದ ಪರದೆಗೆ ಕಿಡಿ ಹಾರಿತು ಎಂದು ಬರೆಯುವಷ್ಟರಲ್ಲಿ ಭಾವಮೈದುನ ಟೂಲ್ ಚೀಲ ಹಿಡಿದು ಪ್ಯಾರಾದೊಳಗೆ ನುಗ್ಗಿದ. ಅವನ ಅಕ್ಕ ಫೋನ್ ಮಾಡಿದ್ದಳಂತೆ. (ನನ್ನ ಪಾತ್ರಗಳು ನನ್ನ ಬೆನ್ನ ಹಿಂದೆಯೇ ಮಾತಾಡಿಕೊಳ್ಳುತ್ತವೆ.)

ಐದೇ ಸಾಲು ತಡೆಯಪ್ಪಾ, ಕಿಡಿ ಆಗಲೇ ಹಾರಿದೆ ಎಂದೆ.

"ಭಾವ, ಬೆಂಕಿ ಬೇಕಿದ್ರೆ ಬೇರೆ ಮನೆ ಹುಡುಕ್ಕೊಳ್ಳಿ. ಇದು ನಮ್ಮಕ್ಕನ ಮನೆ."

ಕಿಡಿಯ ಸಾಲನ್ನು ಹೊಡೆದುಹಾಕಿದೆ.

ಅವನು ಮೇನ್ ಆಫ್ ಮಾಡಿ ನನ್ನ ಪುಟವನ್ನು ಹೊರಗೆಳೆದ. ಮಡಿಕೆಯ ಅಂಚು ಕಂದಾಗಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ, ಕಾಗದ ಇಟ್ಟಮೇಲೆ ಒಂದು ಸಲವೂ ಬೀಳಲಿಲ್ಲ ಎಂದು ಜಂಬ ಕೊಚ್ಚಿದೆ.

"ಅದಕ್ಕೇ ಕೆಟ್ಟಿದೆ ಅನ್ನೋದು. ಸರಿಯಿರೋ ಬ್ರೇಕರ್ ಕೈಯಲ್ಲಿ ಒತ್ತಿ ಹಿಡಿದ್ರೂ ಒಳಗೊಳಗೇ ಕಡಿಯುತ್ತೆ. ಇದು ಕಡಿದಿಲ್ಲ."

"ಇವರ ಕೋಪಕ್ಕೆ ಹೆದರಿ ಸುಮ್ಮನಾಗಿರಬೇಕು ಬಿಡೋ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. "ನಮ್ಮ ಹಾಗೆ."

೪

ಮುಕ್ತಾಯ ಒಂದು: ನಾನು ಕ್ಷಮೆ ಕೇಳಿದೆ. (ಸುಳ್ಳು. ಕೇಳಲಿಲ್ಲ.)

ಮುಕ್ತಾಯ ಎರಡು: ಅವನು ಕೆಲಸ ಮುಗಿಸಿ ಮುಖ ತಿರುಗಿಸಿಕೊಂಡು ಹೋದ. (ಇದೂ ಸುಳ್ಳು. ಎರಡು ಸಲ ಟೀ ಕುಡಿದ.)

ನಡೆದದ್ದು ಇಷ್ಟು. ಬೋರ್ಡಿನ ಮೂಲೆ ಹಗಲಲ್ಲೂ ಕತ್ತಲೆ. ಅವನು ಹೊಸ ಬ್ರೇಕರ್ ಕೂರಿಸುವಾಗ ಯಾರೂ ಹೇಳದೆ ನಾನೇ ಟಾರ್ಚ್ ತಂದು ಹಿಡಿದು ನಿಂತೆ. ಅವನು ತಿರುಗಿ ನೋಡದೆ, "ಹುಷಾರು ಭಾವ, ಶಾಕ್ ಹೊಡೆದೀತು," ಎಂದ.

ಬೈಯಬೇಕೆಂದು ಬಾಯಿ ತೆರೆದೆ. ನಗು ಬಂತು. ಟಾರ್ಚ್ ಅಲ್ಲಾಡಿತು, ಈಗ ಬೈಯುವ ಸರದಿ ಅವನದಾಯಿತು.

೬

(ಐದು ಇಲ್ಲ. ಹೊಡೆದುಹಾಕಿದ ಕಿಡಿ ಅಲ್ಲಿ ಬೆಂಕಿಯಾಗಬೇಕಿತ್ತು.)

ಮುಗಿಯಿತು ಎಂದು ಬರೆಯಲಾರೆ. ಒಂದು ವಾರ ಬೋರ್ಡಿನ ಮುಚ್ಚಳ ಮುಟ್ಟಿ ನೋಡುತ್ತಿರಿ ಎಂದು ಹೇಳಿ ಹೋಗಿದ್ದಾನೆ. ಈಗಷ್ಟೇ ನೋಡಿ ಬಂದೆ, ತಣ್ಣಗಿದೆ. ಫ್ಯಾನ್ ತಿರುಗುತ್ತಿದೆ. ಅಂಚು ಕಂದಿದ ಮೊದಲ ಪುಟ ಮೇಜಿನ ಮೇಲೆ ಹಾರಾಡುತ್ತಿದೆ. ಅದರ ಮೇಲೆ ಟಾರ್ಚ್ ಇಟ್ಟಿದ್ದೇನೆ.

ನೀವಿನ್ನೂ ಏನು ಕಾಯುತ್ತ ಕೂತಿದ್ದೀರಿ? ಎದ್ದು ಹೋಗಿ ನಿಮ್ಮ ಮನೆಯ ಬೋರ್ಡ್ ಮೂಸಿ ಬನ್ನಿ. ವಾಸನೆ ಬಂದರೆ ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರಿಗೇ ಫೋನ್ ಮಾಡಿ. ಕಥೆ ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಟಾರ್ಚ್ ಹಿಡಿದು ನಿಂತಿರುತ್ತದೆ.