ಬಿಟ್ಟಿ ಕ್ಷೌರ

ಸಿಮೆಂಟು ಜಗಲಿಯ ಮೇಲೆ ಇಪ್ಪತ್ಮೂರು ಮಕ್ಕಳು ಸಾಲಾಗಿ ಕೂತಿದ್ದವು. ಒಂದು ಬಕೆಟ್ ತಣ್ಣೀರು, ಒಂದು ತುಂಡು ಸೋಪು, ಒಂದು ಕತ್ತಿ. ಬೆಳಗ್ಗೆಯಿಂದ ಕುಕ್ಕರಗಾಲಲ್ಲಿ ಕೂತು ಕ್ಷೌರಿಕನ ಸೊಂಟ ಹಿಡಿದುಹೋಗಿತ್ತು. ಇಪ್ಪತ್ತೆರಡು ತಲೆ ನುಣ್ಣಗಾಗಿದ್ದವು. ಗಾಳಿ ಬೀಸಿದರೆ ಪಾಪ, ಎಲ್ಲವೂ ಒಟ್ಟಿಗೆ ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದವು.

ಈ ಅನಾಥಾಲಯ ಶುರುವಾಗಿ ಆರು ವರ್ಷ. ಅವತ್ತಿಂದ ಇದು ಅವನ ಬಿಟ್ಟಿ ಕೆಲಸ. ಅನಾಥಾಲಯ ಕಟ್ಟಿದ ದೊಡ್ಡ ಮನುಷ್ಯನನ್ನು ಮಕ್ಕಳೆಲ್ಲ ‘ಅಪ್ಪಾಜಿ’ ಅನ್ನಬೇಕು. ಕ್ಷೌರಿಕನೂ ಹಾಗೇ ಅನ್ನುತ್ತಿದ್ದ. “ಹೇನು ಕಣಯ್ಯಾ, ಒಬ್ಬರಿಂದ ಒಬ್ಬರಿಗೆ ಹತ್ತುತ್ತೆ. ಬೋಳಿಸಿಬಿಡು, ಪುಣ್ಯ ಬರುತ್ತೆ” ಅಂದಿದ್ದ ಅಪ್ಪಾಜಿ. ಗೇಟಿನ ಪಕ್ಕದ ಕ್ಷೌರದಂಗಡಿಯ ಕೋಣೆಯೂ ಅಪ್ಪಾಜಿಯದೇ. ಪುಣ್ಯ ಬೇಡ ಅನ್ನೋಕೆ ಆಗುತ್ತಾ?

ಕೊನೆಯವಳು ಹೊಸ ಹುಡುಗಿ. ಸೊಂಟದವರೆಗಿನ ಜಡೆಯನ್ನು ಎರಡೂ ಕೈಲಿ ಹಿಡಿದು ಕೂತಿದ್ದಳು.

“ನಂಗೆ ಹೇನಿಲ್ಲ ಮಾವ.”

“ಎಲ್ಲರೂ ಹಾಗೇ ಅಂತಾರೆ ಕಣಮ್ಮ.”

“ಯಾರಿಗೂ ಇರ್ಲಿಲ್ಲ. ದಿನಾ ಎಲ್ರಿಗೂ ನಾನೇ ಬಾಚ್ತಿದ್ದೆ. ನೀನು ನೋಡಿದ್ಯಾ, ಒಂದಾದ್ರೂ?”

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ಹೌದಲ್ಲ, ನೋಡೇ ಇಲ್ಲ! ಜಡೆ ಬಿಚ್ಚಿ, ಕೂದಲು ಬಿಡಿಸಿ ಬಿಡಿಸಿ ನೋಡಿದ. ಹೇನಿಲ್ಲ, ಸೀರಿಲ್ಲ. ನೆಲದ ಮೇಲೆ ಬಿದ್ದ ಕೂದಲು ಕೆದಕಿದ. ಅಲ್ಲೂ ಇಲ್ಲ. ಕೈ ಒರೆಸಿಕೊಂಡು ಆಫೀಸು ಕೋಣೆಗೆ ಹೋದ.

“ಅಪ್ಪಾಜಿ, ಆ ಮಗು ತಲೇಲಿ ಏನೂ ಇಲ್ಲ.”

“ನಾಡಿದ್ದು ದಾನಿಗಳು ಬರ್ತಾರಲ್ಲಯ್ಯಾ. ಎಣ್ಣೆ ಹಚ್ಚಿ ಜಡೆ ಹಾಕಿದ ಮಕ್ಕಳನ್ನ ನೋಡಿದ್ರೆ ಯಾರ ಕರುಳು ಚುರ್ ಅನ್ನುತ್ತೆ? ಬೋಳು ತಲೆ ಕಂಡ್ರೆ ಅಯ್ಯೋ ಅಂತಾರೆ.”

“ಹಾಗಾದ್ರೆ ಇಷ್ಟು ವರ್ಷ...”

“ನಿನ್ನ ಅಂಗಡಿ ನಡೀತಿದೆ ತಾನೆ? ಹೋಗು, ಮುಗಿಸು.”

ಪ್ರತಿ ಸಲ ಬೋಳಿಸಿದ ಎರಡನೇ ದಿನಕ್ಕೇ ಕಾರುಗಳು ಬಂದು ನಿಲ್ಲುತ್ತಿದ್ದವು. ಇವನು ಕಣ್ಣಿದ್ದೂ ಕುರುಡ.

ಈಗ ಗೊತ್ತಾಯಿತಲ್ಲ, ಎದ್ದು ಹೋದನಾ? ಇಲ್ಲ. ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ, ಅವಳ ತಲೆಯನ್ನೂ ಮುಗಿಸಿಯೇಬಿಟ್ಟ. ಹುಡುಗಿ ಅಳಲಿಲ್ಲ. ಮನೆಗೆ ಬಂದರೆ ಅವನ ಹೆಂಡತಿ ಮಗಳ ಜಡೆ ಹೆಣೆಯುತ್ತಾ ಕೂತಿದ್ದಳು. ಅನ್ನ ಸೇರಲಿಲ್ಲ. “ಏನಾಯ್ತು?” ಅಂದರೆ ಹೆಂಡತಿಗೆ ಹೇಳೋಕೂ ನಾಚಿಕೆ.

ಸಭೆಯ ದಿನ ದಾನಿಗಳು ಮಕ್ಕಳನ್ನು ನೋಡಿ ಕರ್ಚೀಫು ತೆಗೆದರು. “ಈ ಕಂದಮ್ಮಗಳ ತಲೆ ತುಂಬ ಹೇನು, ಹುಣ್ಣು! ಇಗೋ, ಈ ಬಡವ ಒಂದು ಕಾಸೂ ಮುಟ್ಟದೆ ಸೇವೆ ಮಾಡ್ತಾನೆ” ಅಂತ ಅಪ್ಪಾಜಿ ಕ್ಷೌರಿಕನನ್ನು ವೇದಿಕೆ ಮೇಲೆ ಕರೆದು, ಕಟ್ಟು ಹಾಕಿಸಿದ ಪ್ರಶಂಸಾಪತ್ರ ಕೈಗಿಟ್ಟ. ಜನ ಚಪ್ಪಾಳೆ ತಟ್ಟಿದರು. ಅವನಿಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

“ಹೇನಿರ್ಲಿಲ್ಲ” ಅಂದ. ಮೈಕು ಹತ್ತಿರವೇ ಇತ್ತು.

“ಏನಯ್ಯಾ?”

“ಒಂದು ಹೇನೂ ಇರ್ಲಿಲ್ಲ. ನೀವೆಲ್ಲ ಅಯ್ಯೋ ಅನ್ನಲಿ ಅಂತ ಬೋಳಿಸು ಅಂದ್ರು ಇವರು. ಬೋಳಿಸಿದ್ದು ನಾನು. ಈ ಕೈಲೇ.”

ಅಪ್ಪಾಜಿ ನಕ್ಕು, “ಕುಡಿದು ಬಂದಿದ್ದಾನೆ” ಅಂತ ಮೈಕು ಕಿತ್ತುಕೊಂಡ.

ಹೊಸ ಹುಡುಗಿ ಎದ್ದು ನಿಂತಳು. “ಕುಡಿದಿಲ್ಲ. ಮಾವ ಹೇಳಿದ್ದು ನಿಜ.” ಪಕ್ಕದವಳು ಎದ್ದಳು. ಅವಳ ಪಕ್ಕದವನು ಎದ್ದ. ಸಾಲಿಗೆ ಸಾಲೇ ಎದ್ದಿತು.

ಸಂಜೆಗೆ ಅವನ ಕುರ್ಚಿ, ಕನ್ನಡಿ ಬೀದಿಯಲ್ಲಿದ್ದವು. ಇದ್ದರೆ ಇರಲಿ, ಎದೆ ಹಗುರವಾಗಿತ್ತು. ಗೇಟಿನ ಸರಳುಗಳ ಹಿಂದೆ ಹುಡುಗಿ ನಿಂತಿದ್ದಳು. ಒಳ್ಳೇದು ಮಾಡಿದೆ ಅಂತಾಳೇನೋ ಅಂದುಕೊಂಡು ಹತ್ತಿರ ಹೋದ, ಹುಚ್ಚಪ್ಪ.

“ಹೇನಿಲ್ಲ ಅಂತ ಗೊತ್ತಾದ ಮೇಲೂ ನಂಗೆ ಯಾಕೆ ಬೋಳಿಸಿದೆ ಮಾವ?”

“ಹೆದರ್ಕೊಂಡೆ ಕಣಮ್ಮ.”

“ನಂಗೂ ಹೆದರಿಕೆ ಆಗಿತ್ತು,” ಅಂದಳು. “ಆದ್ರೂ ನಿಂಗೆ ಹೇಳಿದ್ನಲ್ಲ?”