ಕಾಂಚನಳ ಪದಕ

ಹಳದಿ, ಹೌದು, ಹಳದಿಯೇ, ಟ್ಯೂಬ್‌ಲೈಟಿನ ಕೆಳಗೆ ಪದಕದ ಅಂಚು ಹಿತ್ತಾಳೆ ಚೊಂಬಿನ ಹಾಗೆ ಕಾಣುತ್ತಿದೆ, ಮೇಲಿನ ಬೆಳ್ಳಿಬಣ್ಣ ಎಲ್ಲಿ ಹೋಯಿತು, ಎಲ್ಲಿ ಹೋಗುತ್ತದೆ, ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು ಹಾಕಿ ತಿಕ್ಕಿದವಳು ತಾನೇ ಅಲ್ಲವೇ, ಸೆರಗಿನ ಮರೆಯಲ್ಲಿ ಏಕಾಂತಮ್ಮನ ಹೆಬ್ಬೆರಳು ಈಗಲೂ ಬರಿಗೈಯನ್ನೇ ತಿಕ್ಕುತ್ತಲೇ ಇದೆ. ಅಜ್ಜಿ, ಇದು ಆಮೇಲೆ ಎರಕ ಹೊಯ್ದಿದ್ದು, ನಕಲು ಕಣ್ರಿ, ಎನ್ನುತ್ತಾನೆ ಹರೀಶ, ಸಂತೆಹೊಂಡದ ಬೀದಿಯಲ್ಲಿ ಹಳೆಯ ನಾಣ್ಯ, ಪದಕ ಮಾರುವವನು, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು — ಅಂಚಿನಾಗೆ ಹೆಸರಿನ ಅಕ್ಷರ ನೋಡ್ರಿ, ಸೂಜೀಲಿ ಗೀರಿದಂಗೈತೆ, ಅಸಲಿಗಾದ್ರೆ ಅಚ್ಚು ಹೊಡೆದಿರ್ತಾರೆ, ಒಳಕ್ಕೆ ಇಳಿದಿರ್ತಾವೆ. ನಕಲಂತೆ! ಕುಂಕುಮ ಇಟ್ಟದ್ದು ಇದಕ್ಕೆ, ಸೇವಂತಿಗೆ ಏರಿಸಿದ್ದು ಇದಕ್ಕೆ, ಗಂಡ ಯುದ್ಧ ಮಾಡಿ ಗಳಿಸಿದ್ದೆಂದು ಕಣ್ಣಿಗೊತ್ತಿಕೊಂಡದ್ದೂ ಇದನ್ನೇ, ಹಾಗಾದರೆ ಅಸಲಿ — ಬೇಡ, ಆ ಇನ್ನೊಂದನ್ನು ಅವನು ಮುಟ್ಟುವುದೇ ಬೇಡ. ಮುಟ್ಟಿಯೇ ಬಿಟ್ಟ. ಮನೆಯಲ್ಲಿ ಹಳೆಯ ಬೀಗ, ಮುರಿದ ಕತ್ತರಿಯ ಡಬ್ಬಿಯಲ್ಲಿ ಮಂಕಾಗಿ ಬಿದ್ದಿದ್ದು, ಸಂಜೆ ಮಾಜಿ ಸೈನಿಕರ ಸನ್ಮಾನಕ್ಕೆ ತಾತ ಅಸಲಿಯನ್ನೇ ಹಾಕಿಕೊಳ್ಳಬೇಕೆಂದು ಹಟ ಹಿಡಿದು ಮೊಮ್ಮಗಳು ಮೇಘಶ್ರೀ ಎರಡನ್ನೂ ಹೊತ್ತು ತಂದಳಲ್ಲ, ಇವಳಿಗೇನು ಗೊತ್ತು ಅದು ಆ ಹೆಂಗಸಿನದೆಂದು. ಮದುವೆಯಾಗಿ ಮದಕರಿಪುರಕ್ಕೆ ಬಂದ ಹೊಸತು, ಟೀಚರ್ ಗಿರಿಯಮ್ಮ ಅಂಚಿನ ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿ, ಕಾಂಚನ ಅಂತ ಐತಲ್ಲೇ, ಯಾರೇ ಇವಳು? ಅಂದಿದ್ದರು, ಅವತ್ತಿನಿಂದ ತನ್ನ ಕಣ್ಣೊಳಗೆ, ಗಂಡ ಸೈನ್ಯದಲ್ಲಿದ್ದ ಹಿಮದ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿದ್ದಾಳೆ ಕಾಂಚನ, ಮಂಡಿಗಿಳಿಯುವ ಜಡೆ, ಕೆಂಪು ರಿಬ್ಬನ್ನು, ಮುದ್ದೆ ಕಟ್ಟುವಾಗ ಬರುತ್ತಾಳೆ, ಬಾಣಂತನದಲ್ಲೂ ಬಂದಿದ್ದಳು, ಜಡೆ ಬೀಸಿಕೊಂಡು, ಕೇಳಿದರೆ ತಾನು ಸೋತಂತೆ, ಅದಕ್ಕೇ ಕೇಳಲಿಲ್ಲ, ಒಳ್ಳೆ ಗಂಡ, ಒಂದು ದಿನ ಕೈ ಎತ್ತಿದವನಲ್ಲ, ಆದರೂ ಆ ಜಡೆ.

ಇದೇ ನೋಡ್ರಿ ಅಸಲಿ, ಎಂದ ಹರೀಶ, ಒಳಗೂ ಹೊರಗೂ ಒಂದೇ ಲೋಹ, ತಿಕ್ಕದೆ ಬಿಟ್ಟಿದ್ದಕ್ಕೆ ಅಂಚು ಹೆಂಗೈತೆ! ತಾತ, ಇದ್ರಾಗೆ ಕಾಂಚನ ಅಂತ ಐತಲ್ಲ, ಮೇಘಶ್ರೀ ಅಂಗಡಿಗೆಲ್ಲ ಕೇಳುವ ಹಾಗೆ ಕೂಗಿದಳು, ಇನ್ನು ತಡೆಯಲಾಗದು, ಯಾರ್ರೀ ಅವಳು — ಯಾರ ದನಿ ಅದು, ತನ್ನದೇ, ಇಷ್ಟು ಸಣ್ಣದು. ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತ ಗಂಡ ಕೆಂಚಣ್ಣ ಮೀಸೆ ಒರೆಸಿಕೊಂಡು ತಿರುಗಿದ. ಅವಳೆಲ್ಲಿ ಬಂದ್ಳೇ, ಅದು ನಾನೇ! ಸೈನ್ಯಕ್ಕೆ ಸೇರ್ದಾಗ ಆ ಹಿಂದಿ ಕ್ಲಾರ್ಕಿಗೆ ಕೆಂಚಣ್ಣ ಅನ್ನಾಕೆ ನಾಲಿಗೆ ಹೊಳ್ಳಲಿಲ್ಲ, ಇಂಗ್ಲಿಷಿನಾಗೆ ಕಂಚನ್ ಅಂತ ಬರಕಂಡ, ಪಲ್ಟನ್ನಾಗೆಲ್ಲ ನಾನು ಕಂಚನ್ನೇ, ಪರೇಡಿಗೆ ಇರ್ಲಿ ಅಂತ ಆಮೇಲೆ ಅಂಗಡೀಲಿ ಇನ್ನೊಂದು ಮಾಡಿಸ್ದಾಗ ನಾನೇ ಹೆಸರು ಸರಿ ಬರೆಸ್ದೆ. ಅಷ್ಟೇ? ಅಷ್ಟೇನಾ? ಅಯ್ಯೋ ನನ್ನ ಶಿವನೇ, ಹೊಟ್ಟೆಯೊಳಗಿಂದ ನಗು ಉಕ್ಕುತ್ತಿದೆ, ಸೆರಗು ಬಾಯಿಗೆ ತುರುಕಿದರೂ ನಿಲ್ಲುತ್ತಿಲ್ಲ, ಯಾಕೇ ನಗ್ತೀಯ, ಏನಾತೇ, ಎನ್ನುತ್ತಾನೆ ಅವನು, ಏನೆಂದು ಹೇಳುವುದು, ಎಷ್ಟು ಖುಷಿಯೆಂದು ಹೇಳುವುದು, ಹಿಮದ ಊರು, ಸ್ಟೇಷನ್ನು, ರೈಲು ಹೊರಡುತ್ತಿದೆ, ಕಾಂಚನ ನಿಂತಿದ್ದಾಳೆ, ಅದೇ ಜಡೆ, ಅದೇ ಕೆಂಪು ರಿಬ್ಬನ್ನು, ಮೆಲ್ಲಗೆ ಈ ಕಡೆ ತಿರುಗುತ್ತಾಳೆ, ಮುಖದ ತುಂಬ ಮೀಸೆ, ಕೆಂಚಣ್ಣನ ದಪ್ಪ ಮೀಸೆ, ಮೀಸೆ —